ಡಿಬಿಎಂಎಸ್ ಎಲ್ಲಿಂದ ಶುರು ಮಾಡಬೇಕು? ಐದು ಟೇಬಲ್, ಒಂದು ಸೆಮಿಸ್ಟರ್

ಯಾವ ವಿಡಿಯೊ ನೋಡಲಿ, ಎಸ್‌ಕ್ಯೂಎಲ್ ಎಷ್ಟು ದಿನಕ್ಕೆ ಬರುತ್ತದೆ, ನಾರ್ಮಲೈಸೇಶನ್ ತಲೆಗೆ ಹತ್ತುತ್ತಿಲ್ಲ ಏನು ಮಾಡಲಿ? ಸೆಮಿಸ್ಟರ್ ಶುರುವಾದಾಗಲೆಲ್ಲ ಬಿ.ಇ., ಬಿಸಿಎ ವಿದ್ಯಾರ್ಥಿಗಳಿಂದ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ) ಬಗ್ಗೆ ಇವೇ ಪ್ರಶ್ನೆಗಳು ಬರುತ್ತವೆ. ಎಲ್ಲದಕ್ಕೂ ಉತ್ತರ ಒಂದೇ. ಒಂದು ಪುಟ್ಟ ಡೇಟಾಬೇಸ್ ಕಟ್ಟಿಕೊಂಡು ಸೆಮಿಸ್ಟರ್ ಮುಗಿಯುವ ತನಕ ಅದನ್ನೇ ಉಜ್ಜಿ. ಯಾವ ಕ್ವೆರಿಯನ್ನೇ (ಎಸ್‌ಕ್ಯೂಎಲ್ ಭಾಷೆಯಲ್ಲಿ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆದರೂ, ಉತ್ತರ ಏನು ಬರಬೇಕು ಎಂಬುದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಓಡಿಸಿ. ಲ್ಯಾಬ್ ರೆಕಾರ್ಡ್‌ನಿಂದ ಕ್ವೆರಿ ಬಾಯಿಪಾಠ ಮಾಡಿದವರಿಗೆ, ಎಕ್ಸಾಮಿನರ್ ಒಂದು ಕಾಲಂ ಬದಲಿಸಿ ಕೇಳಿದರೆ ಕೈ ನಿಂತುಬಿಡುತ್ತದೆ. ಉತ್ತರವನ್ನು ಮೊದಲೇ ಊಹಿಸಿ ಅಭ್ಯಾಸವಿದ್ದವರಿಗೆ ಹಾಗಾಗುವುದಿಲ್ಲ.

ಓದಲು ಸಲೀಸಾಗಲೆಂದು ಈ ಲೇಖನದಲ್ಲಿ ಕ್ವೆರಿಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕಂಪ್ಯೂಟರ್ ಮುಂದೆ ಕೂತಾಗ ಸೆಲೆಕ್ಟ್, ಫ್ರಮ್, ವೇರ್ ಮುಂತಾದ ಪದಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಬೇಕಾಗುವುದು ಇಷ್ಟು: 200 ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಒಂದು ಡೇಟಾಬೇಸ್ ತಂತ್ರಾಂಶ, ದಿನಕ್ಕೆ 45 ನಿಮಿಷ. ಪ್ರೋಗ್ರಾಮಿಂಗ್ ಚೆನ್ನಾಗಿ ಬರಲೇಬೇಕೆಂದಿಲ್ಲ. ಪಿಯುಸಿ ಗಣಿತದ ಗಣ ಮತ್ತು ಸಂಬಂಧಗಳ ಅಧ್ಯಾಯ ನೆನಪಿದ್ದರೆ ಅದೇ ದೊಡ್ಡ ಅನುಕೂಲ.

1. ತಂತ್ರಾಂಶ ಆರಿಸಿಕೊಳ್ಳುವುದು

ನಿಮ್ಮ ಲ್ಯಾಬ್‌ನಲ್ಲಿ ಏನಿದೆಯೋ ಮನೆಯಲ್ಲೂ ಅದನ್ನೇ ಹಾಕಿಕೊಳ್ಳಿ. ಸಾಮಾನ್ಯವಾಗಿ ಅದು ಒರಾಕಲ್ ಅಥವಾ ಮೈಎಸ್‌ಕ್ಯೂಎಲ್ ಆಗಿರುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಪೋಸ್ಟ್‌ಗ್ರೆಸ್ ಒಳ್ಳೆಯದು, ಏಕೆಂದರೆ ಅದು ತಪ್ಪನ್ನು ಸುಲಭಕ್ಕೆ ಸಹಿಸುವುದಿಲ್ಲ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಎಸ್‌ಕ್ಯೂಲೈಟ್ ಸಾಕು. ಇಡೀ ಡೇಟಾಬೇಸ್ ಒಂದೇ ಫೈಲ್‌ನಲ್ಲಿರುತ್ತದೆ, ಸರ್ವರ್‌ನ ಗೋಜಿಲ್ಲ.

ಆದರೆ ಒಂದೊಂದಕ್ಕೂ ಒಂದೊಂದು ಗುಟ್ಟಿನ ಚಾಳಿಯಿದೆ. ಇವು ಗೊತ್ತಿಲ್ಲದೆ ವಿದ್ಯಾರ್ಥಿಗಳು ದಿನಗಟ್ಟಲೆ ಒದ್ದಾಡುತ್ತಾರೆ.

ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ಬೊಟ್ಟು ಮಾಡುವ ಕಾಲಂ) ತಪಾಸಣೆ ತಾನಾಗಿ ನಡೆಯುವುದಿಲ್ಲ. ಪ್ರತಿ ಸಲ ಡೇಟಾಬೇಸ್ ತೆರೆದ ಕೂಡಲೇ "ಪ್ರಾಗ್ಮಾ ಫಾರಿನ್_ಕೀಸ್ = ಆನ್" ಎಂದು ಕೊಡಬೇಕು. ವಾರ್‌ಚಾರ್(20), ಅಂದರೆ ಹೆಚ್ಚೆಂದರೆ 20 ಅಕ್ಷರದ ಪಠ್ಯ, ಎಂದು ಬರೆದ ಕಾಲಂನಲ್ಲಿ 50 ಅಕ್ಷರ ತುಂಬಿದರೂ ಅದು ಚಕಾರ ಎತ್ತುವುದಿಲ್ಲ.

ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಳೆಯದಾಗಿದ್ದರೆ, ಚೆಕ್ ನಿರ್ಬಂಧವನ್ನು (ಕಾಲಂನಲ್ಲಿ ಎಂಥ ಬೆಲೆ ಇರಬಹುದೆಂಬ ಷರತ್ತು) ಓದಿದಂತೆ ಮಾಡಿ ಸುಮ್ಮನೆ ಬಿಟ್ಟುಬಿಡುತ್ತದೆ. ಇನ್ನೂ ಹೆಚ್ಚು ಕಾಡುವುದು ಇದು: ಕಾಲಂನ ಪಕ್ಕದಲ್ಲೇ "ರೆಫರೆನ್ಸಸ್" ಎಂದು ಬರೆದರೆ ಒರಾಕಲ್ ಅದನ್ನು ಫಾರಿನ್ ಕೀ ಎಂದು ಒಪ್ಪುತ್ತದೆ, ಮೈಎಸ್‌ಕ್ಯೂಎಲ್ 8 ಒಪ್ಪುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಸೀನಿಯರ್‌ಗಳ ಒರಾಕಲ್ ಸ್ಕ್ರಿಪ್ಟ್ ತಂದು ಮೈಎಸ್‌ಕ್ಯೂಎಲ್‌ನಲ್ಲಿ ಓಡಿಸಿದಾಗ ಫಾರಿನ್ ಕೀ ಮಾಯವಾಗುವುದು ಹೀಗೆ. ಆದ್ದರಿಂದ ಟೇಬಲ್ ವಿವರಣೆಯ ಕೊನೆಯಲ್ಲಿ "ಫಾರಿನ್ ಕೀ (ಕಾಲಂ) ರೆಫರೆನ್ಸಸ್ ಟೇಬಲ್ (ಕಾಲಂ)" ಎಂದು ಪೂರ್ತಿಯಾಗಿ ಬರೆಯುವ ರೂಢಿ ಮಾಡಿಕೊಳ್ಳಿ. ಅದು ಎಲ್ಲ ಕಡೆ ನಡೆಯುತ್ತದೆ.

ಮೈಎಸ್‌ಕ್ಯೂಎಲ್ ಬಗ್ಗೆ ಇನ್ನೊಂದು ಮಾತು. ವಿಂಡೋಸ್‌ನಲ್ಲಿ ಟೇಬಲ್ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೂ ಚಿಕ್ಕಕ್ಷರದಲ್ಲಿ ಬರೆದರೂ ಒಂದೇ. ಲಿನಕ್ಸ್‌ನಲ್ಲಿ ಅವು ಬೇರೆ ಬೇರೆ. ಮನೆಯಲ್ಲಿ ನೆಟ್ಟಗಿದ್ದ ಸ್ಕ್ರಿಪ್ಟ್ ಉಬುಂಟು ಲ್ಯಾಬ್‌ನಲ್ಲಿ "ಟೇಬಲ್ ಇಲ್ಲ" ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆದರೆ ತಲೆನೋವು ತಪ್ಪಿತು.

2. ನಾಲ್ಕು ಪದಗಳನ್ನು ಗಟ್ಟಿ ಮಾಡಿಕೊಳ್ಳುವುದು

ವೈವಾದಲ್ಲಿ "ರಿಲೇಶನಲ್ ಡೇಟಾಬೇಸ್ ಎಂಬ ಹೆಸರು ಏಕೆ?" ಎಂದು ಕೇಳಿದರೆ ಹೆಚ್ಚಿನವರು "ಟೇಬಲ್‌ಗಳ ನಡುವೆ ಸಂಬಂಧ ಇರುವುದರಿಂದ" ಎನ್ನುತ್ತಾರೆ. ತಪ್ಪು. ಇಲ್ಲಿ ರಿಲೇಶನ್ ಎಂದರೆ ಟೇಬಲ್ಲೇ. ಇದು ಗಣಿತದ ಗಣಸಿದ್ಧಾಂತದಿಂದ ಬಂದ ಪದ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದತ್ತಾಂಶವನ್ನು ಹೀಗೆ ಗಣಗಳಾಗಿ ನೋಡುವ ಮಾದರಿಯನ್ನು ಮುಂದಿಟ್ಟರು. ಒಂದೂ ಫಾರಿನ್ ಕೀ ಇಲ್ಲದ, ಒಂಟಿ ಟೇಬಲ್‌ನ ಡೇಟಾಬೇಸ್ ಕೂಡ ರಿಲೇಶನಲ್ಲೇ.

ಗಣ ಎಂದ ಮೇಲೆ ಎರಡು ಸಂಗತಿ ತಾವಾಗಿಯೇ ಬರುತ್ತವೆ. ಸಾಲುಗಳಿಗೆ ಇಂಥದ್ದೇ ಕ್ರಮ ಎಂಬುದಿಲ್ಲ, ಒಂದೇ ಸಾಲು ಎರಡು ಸಲ ಇರುವಂತಿಲ್ಲ. ಎಸ್‌ಕ್ಯೂಎಲ್ ಮಾತ್ರ ಈ ಎರಡನೆಯ ನಿಯಮಕ್ಕೆ ರಿಯಾಯಿತಿ ಕೊಟ್ಟಿದೆ, ಅದಕ್ಕಾಗಿಯೇ "ಡಿಸ್ಟಿಂಕ್ಟ್" ಎಂಬ ಪದ ಬೇಕಾಗುವುದು. ಮೊದಲನೆಯ ನಿಯಮ ಹಾಗೆಯೇ ಇದೆ. "ಆರ್ಡರ್ ಬೈ" ಬರೆಯದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬಂದರೂ ತಕರಾರು ಮಾಡುವಂತಿಲ್ಲ.

ಇನ್ನು ಕೀ ಎಂಬ ಪದ. ಒಂದು ಸಾಲನ್ನು ಬೇರೆಲ್ಲ ಸಾಲುಗಳಿಂದ ಬೇರ್ಪಡಿಸಿ ಗುರುತಿಸಬಲ್ಲ ಕಾಲಂಗಳ ಗುಂಪಿಗೆ ಸೂಪರ್ ಕೀ ಎನ್ನುತ್ತಾರೆ. ಆ ಗುಂಪಿನಿಂದ ಯಾವ ಕಾಲಂ ತೆಗೆದರೂ ಗುರುತು ಕೆಡುತ್ತದೆ ಎಂದಾದರೆ ಅದು ಕ್ಯಾಂಡಿಡೇಟ್ ಕೀ. ಅಂಥ ಕೀಗಳು ಹಲವಿದ್ದಾಗ ನಾವು ಆರಿಸಿಕೊಂಡದ್ದು ಪ್ರೈಮರಿ ಕೀ. ಬೇರೆ ಟೇಬಲ್‌ನ ಕೀಯನ್ನು ತಂದು ಇಟ್ಟುಕೊಂಡರೆ ಅದು ಫಾರಿನ್ ಕೀ. ಯುಎಸ್‌ಎನ್ (ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ) ಕ್ಯಾಂಡಿಡೇಟ್ ಕೀ. ಯುಎಸ್‌ಎನ್ ಮತ್ತು ಹೆಸರು ಸೇರಿದರೆ ಅದು ಬರೀ ಸೂಪರ್ ಕೀ. ಈ ವ್ಯತ್ಯಾಸ ಸಡಿಲವಾಗಿದ್ದರೆ ಆರನೆಯ ಹಂತದಲ್ಲಿ ಎಡವುತ್ತೀರಿ.

3. ಐದು ಟೇಬಲ್ ಕಟ್ಟುವುದು

ಮೊದಲು ಇಆರ್ ಚಿತ್ರ (ಯಾವುದರ ಬಗ್ಗೆ ಮಾಹಿತಿ, ಅವುಗಳ ನಡುವೆ ಏನು ನಂಟು ಎಂದು ತೋರಿಸುವ ಚಿತ್ರ) ಬರೆಯಿರಿ: ವಿದ್ಯಾರ್ಥಿ, ಅಧ್ಯಾಪಕ, ವಿಷಯ ಎಂಬ ಮೂರು ಚೌಕ. ವಿದ್ಯಾರ್ಥಿ ವಿಷಯಕ್ಕೆ ನೋಂದಾಯಿಸುತ್ತಾರೆ, ಅಧ್ಯಾಪಕರು ವಿಷಯ ಬೋಧಿಸುತ್ತಾರೆ. ಒಬ್ಬ ಅಧ್ಯಾಪಕರಿಗೆ ಹಲವು ವಿಷಯ, ಒಂದು ವಿಷಯಕ್ಕೆ ಒಬ್ಬರೇ ಅಧ್ಯಾಪಕರು ಎಂದಿಟ್ಟುಕೊಂಡರೆ ಅಧ್ಯಾಪಕರ ಗುರುತು "ಹಲವು" ಇರುವ ಕಡೆಗೆ, ಅಂದರೆ ವಿಷಯದ ಟೇಬಲ್‌ಗೆ ಹೋಗುತ್ತದೆ. ವಿದ್ಯಾರ್ಥಿ–ವಿಷಯದ ನಂಟು ಎರಡು ಕಡೆಯೂ "ಹಲವು", ಆದ್ದರಿಂದ ಅದಕ್ಕೆ ಬೇರೆ ಟೇಬಲ್ ಬೇಕೇ ಬೇಕು. ವಿದ್ಯಾರ್ಥಿ ಟೇಬಲ್‌ನಲ್ಲಿ ವಿಷಯ1, ವಿಷಯ2, ವಿಷಯ3 ಎಂದು ಕಾಲಂ ಮಾಡುವುದು ಹೊಸಬರೆಲ್ಲ ಮಾಡುವ ತಪ್ಪು. ನಾಲ್ಕನೆಯ ವಿಷಯ ಬಂದ ದಿನ ಗೋಳು ಶುರು.

ಕೊನೆಗೆ ಹೀಗಾಗುತ್ತದೆ:

ಅಧ್ಯಾಪಕ (ಅಧ್ಯಾಪಕ_ಐಡಿ, ಹೆಸರು, ಕೊಠಡಿ)
ವಿದ್ಯಾರ್ಥಿ (ಯುಎಸ್‌ಎನ್, ಹೆಸರು, ಫೋನ್, ಸೆಮಿಸ್ಟರ್)
ವಿಷಯ (ಸಂಕೇತ, ಹೆಸರು, ಕ್ರೆಡಿಟ್, ಅಧ್ಯಾಪಕ_ಐಡಿ)
ನೋಂದಣಿ (ಯುಎಸ್‌ಎನ್, ಸಂಕೇತ)
ಟೆಸ್ಟ್_ಅಂಕ (ಯುಎಸ್‌ಎನ್, ಸಂಕೇತ, ಟೆಸ್ಟ್, ಅಂಕ)

ಮೊದಲ ಮೂರಕ್ಕೆ ಮೊದಲ ಕಾಲಂ ಪ್ರೈಮರಿ ಕೀ. ನೋಂದಣಿಗೆ ಎರಡೂ ಕಾಲಂ ಸೇರಿ ಒಂದು ಕೀ. ಟೆಸ್ಟ್_ಅಂಕಕ್ಕೆ ಮೊದಲ ಮೂರು ಕಾಲಂ ಸೇರಿ ಒಂದು ಕೀ. ಟೆಸ್ಟ್_ಅಂಕದ ಫಾರಿನ್ ಕೀಯನ್ನು ವಿದ್ಯಾರ್ಥಿಗೊಂದು, ವಿಷಯಕ್ಕೊಂದು ಎಂದು ಬೇರೆ ಬೇರೆ ಕಟ್ಟಬೇಡಿ. ಯುಎಸ್‌ಎನ್, ಸಂಕೇತ ಎರಡನ್ನೂ ಜೋಡಿಯಾಗಿಯೇ ನೋಂದಣಿ ಟೇಬಲ್‌ಗೆ ಕಟ್ಟಿ. ಬೇರೆ ಬೇರೆ ಕಟ್ಟಿದರೆ, ನೋಂದಾಯಿಸಿಯೇ ಇಲ್ಲದ ವಿಷಯದಲ್ಲೂ ಅಂಕ ಬಂದು ಕೂರುತ್ತದೆ, ಡೇಟಾಬೇಸ್ ಅದನ್ನು ತಡೆಯುವುದಿಲ್ಲ.

ಕಾಲಂನ ಬಗೆ ಆರಿಸುವಾಗ ನಮ್ಮ ಕಡೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಫೋನ್ ನಂಬರನ್ನು ಸಂಖ್ಯೆಯಾಗಿ ಇಡಬೇಡಿ, 080 ಎಂದು ಶುರುವಾಗುವ ಬೆಂಗಳೂರಿನ ಲ್ಯಾಂಡ್‌ಲೈನ್ ನಂಬರ್ 80 ಆಗಿಬಿಡುತ್ತದೆ. ಕೂಡುವುದು ಕಳೆಯುವುದು ಇಲ್ಲದ ಅಂಕಿಗಳೆಲ್ಲ ಪಠ್ಯವೇ. ಹೆಸರಿಗೆ ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡು ಕಾಲಂ ಮಾಡಿ ಎರಡನ್ನೂ ಕಡ್ಡಾಯ ಮಾಡುವುದು ಪರದೇಶದ ಫಾರಂಗಳ ರೂಢಿ. ಇನಿಶಿಯಲ್ ಮಾತ್ರ ಇರುವ, ಅದೂ ಇಲ್ಲದ ಹೆಸರುಗಳು ನಮ್ಮಲ್ಲಿ ಧಾರಾಳವಾಗಿವೆ. ಒಂದೇ ಕಾಲಂ ಸಾಕು.

ಕನ್ನಡದಲ್ಲೇ ಹೆಸರು ತುಂಬಿದರೆ ಉದ್ದದ ಲೆಕ್ಕ ಬೇರೆಯಾಗುತ್ತದೆ. "ಲಕ್ಷ್ಮಿ" ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಲ, ಕ, ಅರ್ಧಾಕ್ಷರದ ಗುರುತು, ಷ, ಮತ್ತೆ ಅದೇ ಗುರುತು, ಮ, ಗುಡಿಸು ಹೀಗೆ 7. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಒಟ್ಟು 21. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ವಾರ್‌ಚಾರ್(20) ಎಂದರೆ 20 ಯೂನಿಕೋಡ್ ಅಕ್ಷರ, ಲಕ್ಷ್ಮಿ ಆರಾಮಾಗಿ ಹಿಡಿಯುತ್ತದೆ. ಒರಾಕಲ್‌ನಲ್ಲಿ ಬೇರೇನೂ ಹೇಳದಿದ್ದರೆ 20 ಎಂದರೆ 20 ಬೈಟ್, ಲಕ್ಷ್ಮಿಗೆ ಒಂದು ಬೈಟ್ ಕಡಿಮೆ ಬಿದ್ದು ಎರರ್ ಬರುತ್ತದೆ. ಅಲ್ಲಿ "20 ಚಾರ್" ಎಂದು ಬರೆಯಬೇಕು.

ಅಂಕಕ್ಕೆ "ಚೆಕ್ (ಅಂಕ ಬಿಟ್ವೀನ್ 0 ಆಂಡ್ 20)" ಹಾಕಿ. ಟೇಬಲ್‌ಗಳನ್ನು ಮೇಲೆ ಕೊಟ್ಟ ಕ್ರಮದಲ್ಲೇ ಸೃಷ್ಟಿಸಿ, ಯಾರನ್ನು ಫಾರಿನ್ ಕೀ ಬೊಟ್ಟು ಮಾಡುತ್ತದೋ ಅವರು ಮೊದಲು ಇರಬೇಕು. ಅಳಿಸುವಾಗ ಉಲ್ಟಾ ಕ್ರಮ.

4. ತೊಂದರೆ ಕೊಡುವ ಸಾಲುಗಳನ್ನು ಬೇಕೆಂದೇ ತುಂಬುವುದು

8 ವಿದ್ಯಾರ್ಥಿಗಳು, 4 ವಿಷಯ, 3 ಅಧ್ಯಾಪಕರು ಸಾಕು. ಇದಕ್ಕಿಂತ ಹೆಚ್ಚಾದರೆ ಕೈಯಲ್ಲಿ ಲೆಕ್ಕ ಹಾಕಲಾಗದು. ಆದರೆ ಎಲ್ಲವೂ ಅಚ್ಚುಕಟ್ಟಾಗಿರುವ ಡೇಟಾದಿಂದ ಏನನ್ನೂ ಕಲಿಯಲಾಗುವುದಿಲ್ಲ. ಹಾಗಾಗಿ ಇವು ಇರಲೇಬೇಕು:

ಮಂಜುನಾಥ ಎಂಬ ಒಂದೇ ಹೆಸರಿನ ಇಬ್ಬರು ವಿದ್ಯಾರ್ಥಿಗಳು. ಯಾವ ವಿಷಯಕ್ಕೂ ನೋಂದಾಯಿಸದ ಒಬ್ಬ ವಿದ್ಯಾರ್ಥಿ. ಯಾವ ವಿಷಯವನ್ನೂ ಬೋಧಿಸದ ಒಬ್ಬ ಅಧ್ಯಾಪಕ. ಅಧ್ಯಾಪಕರು ಇನ್ನೂ ನೇಮಕವಾಗದ, ಅಂದರೆ ಅಧ್ಯಾಪಕ_ಐಡಿ ನಲ್ ಆಗಿರುವ ಒಂದು ವಿಷಯ. ಮೂರನೆಯ ಟೆಸ್ಟ್‌ಗೆ ಗೈರುಹಾಜರಾದ, ಅಂಕ ನಲ್ ಆಗಿರುವ ಒಬ್ಬರು.

ನಲ್ ಎಂದರೆ ಸೊನ್ನೆಯೂ ಅಲ್ಲ, ಖಾಲಿ ಪಠ್ಯವೂ ಅಲ್ಲ, "ಬೆಲೆ ಗೊತ್ತಿಲ್ಲ" ಎಂಬ ಗುರುತು. ಒರಾಕಲ್ ಮಾತ್ರ ಖಾಲಿ ಪಠ್ಯವನ್ನೂ ನಲ್ ಎಂದೇ ತಿಳಿಯುತ್ತದೆ.

ತುಂಬಿದ ಮೇಲೆ ತಪ್ಪು ಡೇಟಾ ಹಾಕಲು ಪ್ರಯತ್ನಿಸಿ. ಇಲ್ಲದ ಯುಎಸ್‌ಎನ್‌ಗೆ ನೋಂದಣಿ ಮಾಡಿ, 25 ಅಂಕ ಕೊಟ್ಟು ನೋಡಿ, ಅದೇ ಟೆಸ್ಟ್‌ಗೆ ಎರಡು ಸಲ ಅಂಕ ಹಾಕಿ. ಮೂರಕ್ಕೂ ಎರರ್ ಬರಬೇಕು. ಬರದಿದ್ದರೆ ಒಂದನೆಯ ಹಂತಕ್ಕೆ ಹಿಂತಿರುಗಿ. ಬಂದ ಎರರ್ ಸಂದೇಶವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಲ್ಯಾಬ್ ಪರೀಕ್ಷೆಯಲ್ಲಿ ಅದೇ ಸಂದೇಶ ಎದುರಾದಾಗ ಗಾಬರಿಯಾಗುವುದಿಲ್ಲ.

5. ಎಸ್‌ಕ್ಯೂಎಲ್: ಬರೆಯುವ ಕ್ರಮ ಬೇರೆ, ನಡೆಯುವ ಕ್ರಮ ಬೇರೆ

ಕ್ವೆರಿ ಬರೆಯುವಾಗ ಸೆಲೆಕ್ಟ್ ಮೊದಲು ಬರುತ್ತದೆ. ಅರ್ಥ ಮಾಡಿಕೊಳ್ಳುವಾಗ ಅದು ಹೆಚ್ಚುಕಡಿಮೆ ಕೊನೆಗೆ: ಫ್ರಮ್, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಸೆಲೆಕ್ಟ್, ಆರ್ಡರ್ ಬೈ. ಈ ಆರು ಪದಗಳನ್ನು ಇದೇ ಕ್ರಮದಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಸೆಲೆಕ್ಟ್‌ನಲ್ಲಿ ಕೊಟ್ಟ ಅಡ್ಡಹೆಸರು ವೇರ್‌ನಲ್ಲಿ ಏಕೆ ನಡೆಯದು, ಆರ್ಡರ್ ಬೈನಲ್ಲಿ ಏಕೆ ನಡೆಯುತ್ತದೆ, ಗುಂಪಿನ ಮೇಲಿನ ಷರತ್ತಿಗೆ ಹ್ಯಾವಿಂಗ್ ಏಕೆ ಬೇಕು ಎಂಬ ಪ್ರಶ್ನೆಗಳೆಲ್ಲ ಇದೊಂದರಿಂದಲೇ ಪರಿಹಾರವಾಗುತ್ತವೆ.

ಜೊತೆಗೆ ಬರುವ ರಿಲೇಶನಲ್ ಆಲ್ಜೀಬ್ರವನ್ನು ಬೇರೆ ಪಾಠವೆಂದು ನೋಡಬೇಡಿ. ಸಿಗ್ಮಾ ಸಾಲುಗಳನ್ನು ಸೋಸುತ್ತದೆ, ಪೈ ಕಾಲಂಗಳನ್ನು ಆರಿಸುತ್ತದೆ. ಸಿಗ್ಮಾಕ್ಕೆ "ಸೆಲೆಕ್ಷನ್" ಎಂಬ ಹೆಸರಿದ್ದರೂ ಎಸ್‌ಕ್ಯೂಎಲ್‌ನಲ್ಲಿ ಅದರ ಕೆಲಸ ಮಾಡುವುದು ವೇರ್, ಸೆಲೆಕ್ಟ್ ಅಲ್ಲ. ಪ್ರತಿವರ್ಷ ಇಲ್ಲೇ ಒಂದಷ್ಟು ಅಂಕ ಸೋರಿಹೋಗುತ್ತದೆ.

ಈಗ ಜಾಯಿನ್, ಅಂದರೆ ಟೇಬಲ್‌ಗಳನ್ನು ಜೋಡಿಸುವುದು. ಎರಡು ಟೇಬಲ್‌ಗಳ ಹೆಸರು ಬರೆದು ಷರತ್ತು ಮರೆತರೆ ಪ್ರತಿ ಸಾಲೂ ಪ್ರತಿ ಸಾಲಿನೊಡನೆ ಸೇರುತ್ತದೆ: 8 ವಿದ್ಯಾರ್ಥಿ, 4 ವಿಷಯ, ಒಟ್ಟು 32 ಸಾಲು. ಕ್ವೆರಿ ಓಡಿಸುವ ಮೊದಲೇ "ಎಷ್ಟು ಸಾಲು ಬರಬೇಕು" ಎಂದು ಬರೆದಿಟ್ಟಿದ್ದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಸೂಕ್ಷ್ಮವಾದ ತಪ್ಪು ಲೆಫ್ಟ್ ಜಾಯಿನ್‌ನಲ್ಲಿದೆ. ಎಲ್ಲ ವಿದ್ಯಾರ್ಥಿಗಳ ಪಟ್ಟಿ ಬೇಕು, ಮೊದಲ ಟೆಸ್ಟ್‌ನ ಅಂಕ ಇದ್ದರೆ ಪಕ್ಕದಲ್ಲಿ ಬರಬೇಕು ಎಂದುಕೊಳ್ಳಿ. ಕ್ವೆರಿಯಲ್ಲಿರುವ ವಿ, ಅಂ ಎಂಬುವು ಟೇಬಲ್‌ಗಳ ಅಡ್ಡಹೆಸರು.

ಸೆಲೆಕ್ಟ್ ವಿ.ಹೆಸರು, ಅಂ.ಸಂಕೇತ, ಅಂ.ಅಂಕ
ಫ್ರಮ್ ವಿದ್ಯಾರ್ಥಿ ವಿ ಲೆಫ್ಟ್ ಜಾಯಿನ್ ಟೆಸ್ಟ್_ಅಂಕ ಅಂ
ಆನ್ ವಿ.ಯುಎಸ್‌ಎನ್ = ಅಂ.ಯುಎಸ್‌ಎನ್
ವೇರ್ ಅಂ.ಟೆಸ್ಟ್ = 1

ನೋಂದಾಯಿಸದ ವಿದ್ಯಾರ್ಥಿ ಇದರಲ್ಲಿ ನಾಪತ್ತೆ. ಲೆಫ್ಟ್ ಜಾಯಿನ್ ಆತನನ್ನು ಉಳಿಸಿಕೊಂಡು ಅಂಕದ ಕಡೆಗೆಲ್ಲ ನಲ್ ತುಂಬಿತ್ತು. ಆಮೇಲೆ ಬಂದ ವೇರ್ "ನಲ್ ಒಂದಕ್ಕೆ ಸಮವೇ?" ಎಂದು ಕೇಳಿ ಆ ಸಾಲನ್ನು ಆಚೆ ಹಾಕಿತು. "ಟೆಸ್ಟ್ = 1" ಎಂಬ ಷರತ್ತನ್ನು ವೇರ್‌ನಿಂದ ತೆಗೆದು ಆನ್‌ನ ಜೊತೆ ಆಂಡ್ ಹಾಕಿ ಸೇರಿಸಿದರೆ ಸರಿಹೋಗುತ್ತದೆ.

ನಲ್‌ನ ಇನ್ನೊಂದು ಆಟ ಇದಕ್ಕಿಂತ ಕೆಟ್ಟದ್ದು. ಯಾವ ವಿಷಯವನ್ನೂ ಬೋಧಿಸದ ಅಧ್ಯಾಪಕರು ಯಾರು?

ಸೆಲೆಕ್ಟ್ ಹೆಸರು ಫ್ರಮ್ ಅಧ್ಯಾಪಕ
ವೇರ್ ಅಧ್ಯಾಪಕ_ಐಡಿ ನಾಟ್ ಇನ್ (ಸೆಲೆಕ್ಟ್ ಅಧ್ಯಾಪಕ_ಐಡಿ ಫ್ರಮ್ ವಿಷಯ)

ಒಬ್ಬರ ಹೆಸರು ಬರಬೇಕಿತ್ತು, ಒಂದೂ ಸಾಲು ಬರುವುದಿಲ್ಲ. ಒಳಗಿನ ಪಟ್ಟಿಯಲ್ಲಿ ಒಂದು ನಲ್ ಇದೆ. "ಈ ಅಧ್ಯಾಪಕರು ಆ ಗೊತ್ತಿಲ್ಲದವರೇ ಆಗಿರಬಹುದೇ?" ಎಂಬ ಪ್ರಶ್ನೆಗೆ ಡೇಟಾಬೇಸ್ ನಿಜ, ಸುಳ್ಳು ಎರಡನ್ನೂ ಹೇಳಲಾರದೆ "ಗೊತ್ತಿಲ್ಲ" ಎನ್ನುತ್ತದೆ. ವೇರ್ ನಿಜವೆಂದು ಖಚಿತವಾದ ಸಾಲನ್ನು ಮಾತ್ರ ಬಿಟ್ಟುಕೊಡುತ್ತದೆ. ಆದ್ದರಿಂದ ಒಳಗಿನ ಕ್ವೆರಿಗೆ "ಈಸ್ ನಾಟ್ ನಲ್" ಸೇರಿಸಿ, ಇಲ್ಲವೇ ನಾಟ್ ಎಕ್ಸಿಸ್ಟ್ಸ್ ಬಳಸಿ. ತಮಾಷೆಯೆಂದರೆ ಚೆಕ್ ನಿರ್ಬಂಧದ ನಡತೆ ಇದಕ್ಕೆ ತದ್ವಿರುದ್ಧ. ಸುಳ್ಳೆಂದು ಖಚಿತವಾದರೆ ಮಾತ್ರ ಅದು ತಡೆಯುತ್ತದೆ. ಅಂಕ ನಲ್ ಆಗಿದ್ದರೂ 0ರಿಂದ 20ರ ಚೆಕ್ ದಾಟಿ ಒಳಗೆ ಬಂದದ್ದು ಅದಕ್ಕೇ.

ಗುಂಪು ಲೆಕ್ಕಗಳಲ್ಲಿ ನಲ್ ಎಣಿಕೆಗೇ ಬರುವುದಿಲ್ಲ. ಐವರ ಅಂಕ 18, 20, 16, 14, ನಲ್ ಎಂದಿದ್ದರೆ ಸರಾಸರಿ 17, ಏಕೆಂದರೆ 68ನ್ನು 4ರಿಂದ ಭಾಗಿಸುತ್ತದೆ. ಗೈರುಹಾಜರಿಗೆ ಸೊನ್ನೆ ಎಂಬುದು ನಿಮ್ಮ ಕಾಲೇಜಿನ ನಿಯಮವಾದರೆ ಉತ್ತರ 13.6 ಆಗಬೇಕು, ಅದಕ್ಕೆ ಕೋಅಲೆಸ್(ಅಂಕ, 0) ಎಂದು ಬರೆಯಬೇಕು. ನಲ್ ಸಿಕ್ಕಿದ ಕಡೆ ಸೊನ್ನೆ ಇಟ್ಟುಕೊಳ್ಳುವ ಫಂಕ್ಷನ್ ಅದು. ಹಾಗೆಯೇ ಕೌಂಟ್(*) ಸಾಲುಗಳನ್ನು ಎಣಿಸುತ್ತದೆ, ಕೌಂಟ್(ಅಂಕ) ನಲ್ ಅಲ್ಲದ ಅಂಕಗಳನ್ನು ಮಾತ್ರ.

ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2015 ಮತ್ತು 2018ರ ಸ್ಕೀಮ್‌ಗಳ ಲ್ಯಾಬ್‌ನಲ್ಲಿದ್ದ ಕಾಲೇಜ್ ಡೇಟಾಬೇಸ್ ಪ್ರಯೋಗದಲ್ಲಿ ಮೂರು ಟೆಸ್ಟ್‌ಗಳ ಪೈಕಿ ಉತ್ತಮವಾದ ಎರಡರ ಸರಾಸರಿ ತೆಗೆಯುವ ಪ್ರಶ್ನೆಯಿತ್ತು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ. ನಮ್ಮ ಟೇಬಲ್‌ನಲ್ಲಿ ಯುಎಸ್‌ಎನ್ ಮತ್ತು ಸಂಕೇತದ ಮೇಲೆ ಗುಂಪು ಮಾಡಿ, ಮೊತ್ತದಿಂದ ಕನಿಷ್ಠವನ್ನು ಕಳೆದು ಎರಡರಿಂದ ಭಾಗಿಸಿದರೆ ಆಯಿತು ಎನಿಸುತ್ತದೆ. ಅಂಕ 18, 20, ನಲ್ ಇದ್ದವರಿಗೆ ಇದು ಕೊಡುವ ಉತ್ತರ 10. ಮೊತ್ತ 38, ಕನಿಷ್ಠ 18, ಉಳಿದ 20ರ ಅರ್ಧ 10. ಬರಬೇಕಾದದ್ದು 19. ಮೊತ್ತ, ಕನಿಷ್ಠ ಎರಡರ ಒಳಗೂ ಕೋಅಲೆಸ್ ಹಾಕಿದರೆ ಕನಿಷ್ಠ 0 ಆಗಿ 19 ಸಿಗುತ್ತದೆ. ಆದರೆ ಮೂರನೆಯ ಟೆಸ್ಟ್‌ನ ಸಾಲನ್ನೇ ತುಂಬಿರದಿದ್ದರೆ ಕೋಅಲೆಸ್‌ನಿಂದಲೂ ಪ್ರಯೋಜನವಿಲ್ಲ. ಇಲ್ಲದ ಸಾಲಿಗೆ ಅದು ಏನನ್ನೂ ಮಾಡಲಾರದು. ಗೈರುಹಾಜರಾದರೂ ನಲ್ ಅಂಕದ ಒಂದು ಸಾಲು ಇರಲೇಬೇಕು ಎಂಬ ನಿಯಮ ಇಟ್ಟುಕೊಳ್ಳಿ.

ಇನ್ನೂ ಮುಗಿಯಲಿಲ್ಲ. ಉತ್ತಮ ಎರಡು ಅಂಕಗಳ ಮೊತ್ತ 37 ಎಂದಿದ್ದರೆ, ಅಂಕ ಪೂರ್ಣಾಂಕದ ಕಾಲಂ ಆಗಿರುವಾಗ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್ 18 ಎನ್ನುತ್ತವೆ, ಮೈಎಸ್‌ಕ್ಯೂಎಲ್ ಮತ್ತು ಒರಾಕಲ್ 18.5 ಎನ್ನುತ್ತವೆ. 2ರ ಬದಲು 2.0ರಿಂದ ಭಾಗಿಸಿ.

ಮೂರು ಟೇಬಲ್ ಸೇರಿಸಿ ಮೊತ್ತ ತೆಗೆಯುವಾಗ ಒಂದೇ ಬೆಲೆ ಹಲವು ಸಲ ಎಣಿಕೆಯಾಗುವ ಅಪಾಯವಿದೆ. 4 ಕ್ರೆಡಿಟ್‌ನ ಮೂರು ವಿಷಯ ತೆಗೆದುಕೊಂಡವರ ಕ್ರೆಡಿಟ್ ಮೊತ್ತ 12. ಅದೇ ಕ್ವೆರಿಗೆ ಟೆಸ್ಟ್_ಅಂಕವನ್ನೂ ಜಾಯಿನ್ ಮಾಡಿದರೆ ಪ್ರತಿ ವಿಷಯ ಮೂರು ಸಾಲಾಗಿ ಒಡೆದು ಮೊತ್ತ 36 ಆಗುತ್ತದೆ. ಡಿಸ್ಟಿಂಕ್ಟ್ ಹಾಕಿದರೆ 4 ಎಂದು ಬರುತ್ತದೆ, ಅದು ಇನ್ನೂ ತಪ್ಪು. ಕ್ರೆಡಿಟ್ ಲೆಕ್ಕವನ್ನು ಪ್ರತ್ಯೇಕ ಒಳಕ್ವೆರಿಯಲ್ಲಿ ಮುಗಿಸಿಕೊಂಡು ಆಮೇಲೆ ಜೋಡಿಸುವುದೇ ದಾರಿ.

"ಎಲ್ಲ ವಿಷಯಗಳಿಗೂ ನೋಂದಾಯಿಸಿದವರು" ಎಂಬ ಬಗೆಯ ಪ್ರಶ್ನೆಗೆ ಎರಡು ನಾಟ್ ಎಕ್ಸಿಸ್ಟ್ಸ್ ಬೇಕು. ಕನ್ನಡದಲ್ಲಿ ಮೊದಲು ಹೀಗೆ ತಿರುಗಿಸಿಕೊಳ್ಳಿ: "ಈ ವಿದ್ಯಾರ್ಥಿ ನೋಂದಾಯಿಸದ ವಿಷಯವೇ ಇಲ್ಲ". ಎರಡು "ಇಲ್ಲ" ವಾಕ್ಯದಲ್ಲೇ ಕಾಣುತ್ತವೆ, ಹಾಗೇ ಬರೆದರಾಯಿತು.

6. ನಾರ್ಮಲೈಸೇಶನ್

ಒಂದೇ ಮಾಹಿತಿ ಹಲವು ಕಡೆ ಸೇರದಂತೆ ಟೇಬಲ್‌ಗಳನ್ನು ಒಡೆಯುವ ಕ್ರಮ ಇದು. ವಿದ್ಯಾರ್ಥಿಗಳು ಹೆಚ್ಚು ಹೆದರುವುದು ಇದಕ್ಕೆ. ಆದರೆ ಕ್ರಮ ತಿಳಿದರೆ ಥಿಯರಿ ಪರೀಕ್ಷೆಯಲ್ಲಿ ಖಾತ್ರಿ ಅಂಕ ಸಿಗುವುದೂ ಇಲ್ಲೇ.

ಐದು ಟೇಬಲ್‌ಗಳ ಡೇಟಾವನ್ನೆಲ್ಲ ಒಂದೇ ದೊಡ್ಡ ಟೇಬಲ್‌ಗೆ ಸುರಿದಿದ್ದರೆ ಏನಾಗುತ್ತಿತ್ತು ಎಂದು ನೋಡಿ. ಅಧ್ಯಾಪಕರ ಕೊಠಡಿ ಬದಲಾದರೆ ಹತ್ತಾರು ಸಾಲು ತಿದ್ದಬೇಕು, ಒಂದು ಬಿಟ್ಟರೂ ಎರಡು ಕೊಠಡಿ ದಾಖಲಾಗುತ್ತವೆ. ಯಾರೂ ನೋಂದಾಯಿಸದ ಹೊಸ ವಿಷಯವನ್ನು ಬರೆದಿಡಲು ಜಾಗವೇ ಇಲ್ಲ. ಒಂದು ವಿಷಯದ ಕೊನೆಯ ವಿದ್ಯಾರ್ಥಿಯ ಸಾಲು ಅಳಿಸಿದರೆ ಆ ವಿಷಯದ ಹೆಸರೂ ಅದರ ಜೊತೆಗೇ ಹೋಗುತ್ತದೆ. ಪರೀಕ್ಷೆಯಲ್ಲಿ ಕೇಳುವ ಅಪ್‌ಡೇಟ್, ಇನ್ಸರ್ಟ್, ಡಿಲೀಟ್ ಅನಾಮಲಿಗಳು ಇವೇ.

ಫಂಕ್ಷನಲ್ ಡಿಪೆಂಡೆನ್ಸಿ ಎಂದರೆ "ಇದು ಗೊತ್ತಾದರೆ ಅದು ಒಂದೇ" ಎಂಬ ನಿಯಮ. ಯುಎಸ್‌ಎನ್ → ಹೆಸರು. ಸಂಕೇತ → ವಿಷಯದ ಹೆಸರು, ಅಧ್ಯಾಪಕ. ಅಧ್ಯಾಪಕ → ಕೊಠಡಿ. ಒಂದು ಎಚ್ಚರಿಕೆ: ಇವನ್ನು ಡೇಟಾ ನೋಡಿ ಹೇಳುವಂತಿಲ್ಲ. ಇರುವ ಸಾಲುಗಳಿಂದ ಒಂದು ನಿಯಮ ಸುಳ್ಳೆಂದು ತೋರಿಸಬಹುದು, ನಿಜವೆಂದು ತೋರಿಸಲಾಗದು. ಎಂಟು ಜನರಲ್ಲಿ ಎಲ್ಲರ ಹೆಸರೂ ಬೇರೆಯಾಗಿದ್ದ ಮಾತ್ರಕ್ಕೆ ಹೆಸರು → ಯುಎಸ್‌ಎನ್ ಆಗದು. ಇಬ್ಬರು ಮಂಜುನಾಥರನ್ನು ಸೇರಿಸಿದ್ದು ಇದಕ್ಕಾಗಿಯೇ.

ಪರೀಕ್ಷೆಯ ಲೆಕ್ಕ ಮಾಡುವ ಬಗೆ ಹೀಗೆ. ಕಾಲಂಗಳು ಎ, ಬಿ, ಸಿ, ಡಿ. ನಿಯಮಗಳು ಎ → ಬಿ, ಬಿ → ಸಿ, ಸಿ ಮತ್ತು ಡಿ ಸೇರಿ → ಎ. ಮೊದಲು ಬಾಣದ ಬಲಕ್ಕೆ ಎಲ್ಲೂ ಬರದ ಕಾಲಂ ಹುಡುಕಿ. ಇಲ್ಲಿ ಅದು ಡಿ. ಬೇರೆ ಯಾವುದರಿಂದಲೂ ಅದು ಸಿಗುವುದಿಲ್ಲವಾದ್ದರಿಂದ ಪ್ರತಿ ಕೀಯಲ್ಲೂ ಅದು ಇರಲೇಬೇಕು. ಡಿ ಒಂದರಿಂದಲೇ ಏನೂ ಸಿಗದು. ಎ, ಡಿ ಹಿಡಿದರೆ ಎಯಿಂದ ಬಿ, ಬಿಯಿಂದ ಸಿ, ಎಲ್ಲವೂ ಸಿಕ್ಕಿತು. ಬಿ, ಡಿ ಹಿಡಿದರೆ ಬಿಯಿಂದ ಸಿ, ಸಿ-ಡಿಯಿಂದ ಎ. ಸಿ, ಡಿ ಹಿಡಿದರೆ ಎ, ಅದರಿಂದ ಬಿ. ಹಾಗಾಗಿ ಕ್ಯಾಂಡಿಡೇಟ್ ಕೀಗಳು ಮೂರು. ಹೀಗೆ ಕೈಯಲ್ಲಿರುವ ಕಾಲಂಗಳಿಂದ ತಲುಪಬಹುದಾದದ್ದನ್ನೆಲ್ಲ ಕೂಡಿಸುತ್ತ ಹೋಗುವುದಕ್ಕೆ ಕ್ಲೋಶರ್ ಎನ್ನುತ್ತಾರೆ. ಮೊದಲ ಕೀ ಸಿಕ್ಕಿದೊಡನೆ ನಿಲ್ಲಿಸುವುದು ಇಲ್ಲಿನ ಸಾಮಾನ್ಯ ತಪ್ಪು.

ನಾಲ್ಕೂ ಕಾಲಂಗಳು ಯಾವುದಾದರೊಂದು ಕೀಯ ಭಾಗವಾಗಿರುವುದರಿಂದ ಇದು 3ಎನ್‌ಎಫ್‌ನಲ್ಲಿದೆ (ಎನ್‌ಎಫ್ ಎಂದರೆ ನಾರ್ಮಲ್ ಫಾರಂ, ಟೇಬಲ್ ಪಾಲಿಸಬೇಕಾದ ನಿಯಮದ ಮಟ್ಟ). ಆದರೆ ಎ → ಬಿ ನಿಯಮದಲ್ಲಿ ಎಡಗಡೆಯ ಎ ಒಂದೇ ಸೂಪರ್ ಕೀ ಅಲ್ಲ, ಹಾಗಾಗಿ ಬಿಸಿಎನ್‌ಎಫ್‌ನಲ್ಲಿಲ್ಲ. ಕೀಯ ತುಂಡೊಂದರಿಂದಲೇ ಕೀಯಲ್ಲದ ಕಾಲಂ ನಿರ್ಧಾರವಾಗಬಾರದು ಎಂಬುದು 2ಎನ್‌ಎಫ್. ಅಧ್ಯಾಪಕರ ಮೂಲಕ ಕೊಠಡಿ ನಿರ್ಧಾರವಾದಂತೆ ಕೀಯಲ್ಲದ್ದರಿಂದ ಕೀಯಲ್ಲದ್ದು ನಿರ್ಧಾರವಾಗಬಾರದು ಎಂಬುದು 3ಎನ್‌ಎಫ್. ಬಾಣದ ಎಡಗಡೆ ಇರುವುದೆಲ್ಲ ಸೂಪರ್ ಕೀಯೇ ಆಗಿರಬೇಕು ಎಂಬುದು ಬಿಸಿಎನ್‌ಎಫ್.

ಟೇಬಲ್ ಒಡೆದ ಮೇಲೆ ಒಂದು ಪರೀಕ್ಷೆ ಕಡ್ಡಾಯ: ಎರಡೂ ತುಂಡುಗಳಲ್ಲಿ ಇರುವ ಕಾಲಂಗಳು ಯಾವುದಾದರೂ ಒಂದು ತುಂಡಿಗೆ ಕೀ ಆಗಿರಬೇಕು. ಇಲ್ಲದಿದ್ದರೆ ಮತ್ತೆ ಜಾಯಿನ್ ಮಾಡಿದಾಗ ಇಲ್ಲದ ಸಾಲುಗಳು ಹುಟ್ಟಿಕೊಳ್ಳುತ್ತವೆ.

7. ಟ್ರಾನ್ಸಾಕ್ಷನ್: ಎರಡು ಕಿಟಕಿ ತೆರೆದು ನೋಡಿ

ಟ್ರಾನ್ಸಾಕ್ಷನ್ ಎಂದರೆ ಒಂದೇ ಘಟಕವಾಗಿ ನಡೆಯಬೇಕಾದ ಆದೇಶಗಳ ಗುಂಪು. ಅದರ ಗುಣಗಳಾದ ಎಸಿಐಡಿ (ಅಟಾಮಿಸಿಟಿ, ಕನ್ಸಿಸ್ಟೆನ್ಸಿ, ಐಸೊಲೇಶನ್, ಡ್ಯುರಬಿಲಿಟಿ) ಎಂಬ ನಾಲ್ಕಕ್ಷರವನ್ನು ಕಂಠಪಾಠ ಮಾಡುವ ಬದಲು ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ನಲ್ಲಿ ಎರಡು ಕಿಟಕಿ ತೆರೆಯಿರಿ. ಎರಡರಲ್ಲೂ ಟ್ರಾನ್ಸಾಕ್ಷನ್ ಶುರುಮಾಡಿ ಒಬ್ಬರದೇ ಅಂಕ ಓದಿ, 18 ಎಂದು ಬರುತ್ತದೆ. ಮೊದಲನೆಯದರಲ್ಲಿ "ಸೆಟ್ ಅಂಕ = 19" ಕೊಟ್ಟು ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ಖಾಯಂ ಮಾಡಿ. ಎರಡನೆಯದರಲ್ಲೂ ಅದನ್ನೇ ಮಾಡಿ. ಇಬ್ಬರೂ ಒಂದೊಂದು ಅಂಕ ಕೂಡಿಸಿದರು, ಉಳಿದದ್ದು 19. ಒಂದು ಅಂಕ ಕಳೆದುಹೋಯಿತು. ಇದೇ ಲಾಸ್ಟ್ ಅಪ್‌ಡೇಟ್ (ಕಳೆದುಹೋದ ಬದಲಾವಣೆ). "ಸೆಟ್ ಅಂಕ = ಅಂಕ + 1" ಎಂದು ಬರೆದು, ಅಂಕವನ್ನು ಮತ್ತೆ 18ಕ್ಕೆ ತಂದು, ಇನ್ನೊಮ್ಮೆ ಮಾಡಿ, 20 ಬರುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಈ ಪ್ರಯೋಗ ಬೇಡ, ಬರೆಯುವಾಗ ಅದು ಇಡೀ ಫೈಲ್‌ಗೇ ಬೀಗ ಹಾಕುತ್ತದೆ.

ವೇರ್ ಮರೆತು ಅಪ್‌ಡೇಟ್ ಓಡಿಸಿದರೆ ಎಲ್ಲರ ಅಂಕವೂ ಬದಲಾಗುತ್ತದೆ. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ಪ್ರತಿ ಆದೇಶವನ್ನೂ ತಾವಾಗಿಯೇ ಕಮಿಟ್ ಮಾಡುತ್ತವೆ, ಆಮೇಲೆ ರೋಲ್‌ಬ್ಯಾಕ್ (ಬದಲಾವಣೆ ರದ್ದು ಮಾಡು) ಎಂದರೆ ಏನೂ ಆಗದು. ಮೊದಲು ಬಿಗಿನ್, ನಂತರ ಅಪ್‌ಡೇಟ್, ಎಷ್ಟು ಸಾಲು ಬದಲಾಯಿತೆಂದು ನೋಡಿ, ಸರಿಯಿದ್ದರೆ ಮಾತ್ರ ಕಮಿಟ್. ಒರಾಕಲ್‌ನ ಎಸ್‌ಕ್ಯೂಎಲ್‌ಪ್ಲಸ್‌ನಲ್ಲಿ ಸಮಸ್ಯೆ ಉಲ್ಟಾ. ಅರ್ಧ ಗಂಟೆ ಕೂತು ಸಾಲು ತುಂಬಿ ಕಮಿಟ್ ಮರೆತಿದ್ದಾಗ ಕರೆಂಟ್ ಹೋದರೆ ಎಲ್ಲವೂ ಹೋಯಿತು. ಇನ್ನೊಂದು: ಮೈಎಸ್‌ಕ್ಯೂಎಲ್ ಮತ್ತು ಒರಾಕಲ್‌ನಲ್ಲಿ ಮಧ್ಯೆ ಕ್ರಿಯೇಟ್ ಟೇಬಲ್ ಕೊಟ್ಟರೆ ಅಲ್ಲಿಯವರೆಗಿನದೆಲ್ಲ ತಾನಾಗಿ ಕಮಿಟ್ ಆಗುತ್ತದೆ.

8. ಇಂಡೆಕ್ಸ್

ಇಂಡೆಕ್ಸ್ ಎಂದರೆ ಬೇಗ ಹುಡುಕಲೆಂದು ಕಾಲಂನ ಬೆಲೆಗಳನ್ನು ಜೋಡಿಸಿಟ್ಟ ಪಟ್ಟಿ. ಎಂಟು ಸಾಲಿನ ಟೇಬಲ್‌ನಲ್ಲಿ ಇಂಡೆಕ್ಸ್ ಪರೀಕ್ಷಿಸಿ "ಏನೂ ವ್ಯತ್ಯಾಸವಿಲ್ಲ" ಎನ್ನಬೇಡಿ. ಅಷ್ಟು ಚಿಕ್ಕ ಟೇಬಲ್ಲನ್ನು ಪೂರ್ತಿ ಓದುವುದೇ ಅಗ್ಗವೆಂದು ಡೇಟಾಬೇಸ್ ಇಂಡೆಕ್ಸ್ ಮುಟ್ಟುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನ ಜನರೇಟ್_ಸೀರೀಸ್ ಬಳಸಿ ಬೇರೊಂದು ಟೇಬಲ್‌ಗೆ 10 ಲಕ್ಷ ಸಾಲು ತುಂಬಿ, ಕ್ವೆರಿಯ ಮುಂದೆ "ಎಕ್ಸ್‌ಪ್ಲೇನ್ ಅನಲೈಜ್" ಹಾಕಿ ಓಡಿಸಿ. ಇಂಡೆಕ್ಸ್ ಮಾಡುವ ಮೊದಲಿನ ಮತ್ತು ನಂತರದ ಸಮಯ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ಕಾಲಂಗೆ ಅಪ್ಪರ್() ಫಂಕ್ಷನ್ ಸುತ್ತಿ ಓಡಿಸಿ: ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬಾರದು, ಏಕೆಂದರೆ ಅದರಲ್ಲಿ ಜೋಡಿಸಿಟ್ಟಿರುವುದು ಮೂಲ ಬೆಲೆಗಳನ್ನು, ಫಂಕ್ಷನ್‌ನಿಂದ ಹೊರಬಂದವನ್ನಲ್ಲ. ಶೇಕಡಾ ಚಿಹ್ನೆಯಿಂದ (ಅಂದರೆ "ಮೊದಲಿಗೆ ಏನಿದ್ದರೂ ಸರಿ" ಎಂದು) ಶುರುವಾಗುವ ಲೈಕ್ ಹುಡುಕಾಟಕ್ಕೂ ಇದೇ ಗತಿ. ಫೋನ್ ಡೈರೆಕ್ಟರಿಯಲ್ಲಿ "ಅಪ್ಪ" ಎಂದು ಕೊನೆಯಾಗುವ ಹೆಸರುಗಳನ್ನು ಹುಡುಕಿದಂತೆ.

9. ಲ್ಯಾಬ್ ಪರೀಕ್ಷೆಯ ಹಿಂದಿನ ದಿನ

ಐದೂ ಟೇಬಲ್ ಅಳಿಸಿ, ಯಾವುದನ್ನೂ ನೋಡದೆ ಮತ್ತೆ ಕಟ್ಟಿ ತುಂಬಿ. 40 ನಿಮಿಷದೊಳಗೆ ಆಗಬೇಕು. ಪಿಡಿಎಫ್‌ನಿಂದ ನಕಲು ಮಾಡಿದ ಕ್ವೆರಿಯ ಉದ್ಧರಣ ಚಿಹ್ನೆಗಳು ಬಾಗಿದ ಆಕಾರದಲ್ಲಿರುತ್ತವೆ, ಅವನ್ನು ಅಳಿಸಿ ಕೀಬೋರ್ಡ್‌ನ ನೇರ ಚಿಹ್ನೆ ಒತ್ತಿ. ಪಠ್ಯಕ್ಕೆ ಯಾವಾಗಲೂ ಒಂಟಿ ಚಿಹ್ನೆ. ಜೋಡಿ ಚಿಹ್ನೆಯಲ್ಲಿ ಬರೆದದ್ದನ್ನು ಪೋಸ್ಟ್‌ಗ್ರೆಸ್ ಮತ್ತು ಒರಾಕಲ್ ಕಾಲಂ ಹೆಸರೆಂದು ತಿಳಿದು "ಅಂಥ ಕಾಲಂ ಇಲ್ಲ" ಎನ್ನುತ್ತವೆ. ಆದೇಶ ಕೊಟ್ಟರೂ ಕರ್ಸರ್ ಸುಮ್ಮನೆ ಮುಂದಿನ ಸಾಲಿಗೆ ಹೋಗಿ ಕೂತರೆ ಕೊನೆಯ ಅರ್ಧವಿರಾಮ ಚಿಹ್ನೆ (;) ಬಿಟ್ಟುಹೋಗಿದೆ ಎಂದರ್ಥ, ಅದೊಂದನ್ನೇ ಟೈಪ್ ಮಾಡಿ ಎಂಟರ್ ಒತ್ತಿ. ಅದಕ್ಕೂ ಜಗ್ಗದಿದ್ದರೆ ಎಲ್ಲೋ ಒಂದು ಉದ್ಧರಣ ಚಿಹ್ನೆ ಮುಚ್ಚದೆ ಉಳಿದಿದೆ.